ಗೊಂಬೆಗೊಂದು ತೊಟ್ಟಿ ಮನೆ

ಮಹಾಲಯ ಅಮಾವಾಸ್ಯೆ ಕಳೆದರೆ ಸಾಕು, ಹಾಸನ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಹಳೇ ಪಂಚೆಯ ಸುತ್ತು ಬಿಚ್ಚಿದರೆ ರಕ್ತಚಂದನದ ಪಟ್ಟದ ಗೊಂಬೆಗಳು. ಅವುಗಳ ಹಿಂದೆ ದಶಾವತಾರ, ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ಚನ್ನಪಟ್ಟಣದ ಬಣ್ಣದ ಗೊಂಬೆಗಳು. ಮೆಟ್ಟಿಲ ಪಕ್ಕದ ನೆಲದಲ್ಲಿ ಮಣ್ಣು ಹರಡಿ ಒಂದೆರಡು ಹಿಡಿ ರಾಗಿ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಹಸಿರು ಪಾರ್ಕು ತಯಾರು. ಈ ಗೊಂಬೆಗಳಿಗೆ ಗುಡಿಯಿದೆ, ಅರಮನೆಯಿದೆ, ಕೈಲಾಸವೂ ಇದೆ. ನಮ್ಮ ಅಜ್ಜ ಅಜ್ಜಿಯರು ಹುಟ್ಟಿ ಬೆಳೆದು ಬಾಳಿದ ಮನೆ ಮಾತ್ರ ಬಹುತೇಕ ಕಡೆ ಇರುವುದಿಲ್ಲ.

ಆ ಮನೆಯನ್ನು ಕೈಯಾರೆ ಕಟ್ಟಿ ಗೊಂಬೆಗಳ ಪಕ್ಕ ಇಡಬೇಕು ಎಂಬುದು ಈ ಲೇಖನದ ಆಸೆ. ಮರಗೆಲಸ ಬಾರದವರು, ಚಿತ್ರ ಬಿಡಿಸಲು ಬಾರದವರು ಕೂಡ ಕಟ್ಟಬಹುದು. ಪೇಟೆಯಲ್ಲಿ ಸಿಗುವ, ವಿದೇಶಿ ಬಂಗಲೆಯ ನಕಲಿನಂಥ ಪ್ಲಾಸ್ಟಿಕ್ ಮನೆಗಿಂತ ನಮ್ಮ ತೊಟ್ಟಿ ಮನೆಯ ಪುಟ್ಟ ರೂಪ ಹೊಸಬರ ಕೈಗೆ ಸುಲಭವಾಗಿ ಒಗ್ಗುತ್ತದೆ. ಅದಕ್ಕೆ ಕಾರಣ ಆ ಮನೆಯ ರಚನೆಯಲ್ಲೇ ಇದೆ.

ಅಂಕಣದ ಲೆಕ್ಕ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರು ಮನೆಯನ್ನು ಚದರಡಿಯಲ್ಲಿ ಹೇಳುವುದಿಲ್ಲ. 'ನಮ್ಮದು ಐದು ಅಂಕಣದ ಮನೆ', 'ಅವರದು ಮೂರಂಕಣ' ಎನ್ನುತ್ತಾರೆ. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಒಂದು ಅಂಕಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹೆಂಚು. ಒಂದು ಅಂಕಣ ನಿಂತಿತೆಂದರೆ ಅದರ ಪಕ್ಕ ಅಂಥದ್ದೇ ಇನ್ನೊಂದು. ನಾಲ್ಕು ದಿಕ್ಕಿನಿಂದ ಅಂಕಣಗಳು ಬಂದು ನಡುವೆ ಆಕಾಶಕ್ಕೆ ತೆರೆದ ಚೌಕ ಬಿಟ್ಟರೆ ಅದು ತೊಟ್ಟಿ. ಚಾವಣಿಯ ಒಳ ಇಳಿಜಾರುಗಳೆಲ್ಲ ಆ ಚೌಕದ ಕಡೆಗೇ ಬಾಗಿರುತ್ತವೆ. ಮಳೆಯ ನೀರು ಸೂರಿನಿಂದ ಇಳಿದು, ಚಪ್ಪಡಿ ಹಾಸಿದ ತೊಟ್ಟಿಗೆ ಬಿದ್ದು, ಮೋರಿಯ ಮೂಲಕ ಹೊರಗೆ ಹರಿಯುತ್ತದೆ. ಬೆಳಕು ಮೇಲಿನಿಂದ ಇಳಿಯುತ್ತದೆ, ಒಳಗಿನ ಬಿಸಿಗಾಳಿ ಅದೇ ದಾರಿಯಲ್ಲಿ ಏರಿ ಹೋಗುತ್ತದೆ.

ಗೊಂಬೆ ಮನೆ ಕಟ್ಟುವವರಿಗೆ ಈ ಕ್ರಮ ದೊಡ್ಡ ವರ. ಒಂದೇ ಒಂದು ಅಂಕಣವನ್ನು ನೆಟ್ಟಗೆ ಮಾಡಲು ಕಲಿತರೆ ಇಡೀ ಮನೆ ಕಲಿತಂತೆ. ನಾಲ್ಕು ಕಂಬ, ನಾಲ್ಕು ತೊಲೆ, ಮೇಲೆ ಒಂದು ಇಳಿಜಾರು ಚಾವಣಿ, ಇದೇ ಮೊದಲ ಪಾಠ. ಅದು ಸರಿಯಾಗಿ ನಿಂತ ಮೇಲೆ ಉಳಿದದ್ದು ತಾಳ್ಮೆಯ ಕೆಲಸ.

ಹೊಯ್ಸಳರ ಪುಟ್ಟ ಗುಡಿಗಳು

ಕಟ್ಟಡವನ್ನು ಕುಗ್ಗಿಸಿ ಮಾಡುವ ವಿದ್ಯೆ ಹಾಸನ ಜಿಲ್ಲೆಗೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ ನೋಡಿ. 1246ರಲ್ಲಿ ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯ ಗೋಡೆಗಳನ್ನು ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಕಡೆದರು. ಎಲ್ಲರೂ ದೇವತೆಗಳ ಮೂರ್ತಿಗಳ ಮುಂದೆ ನಿಲ್ಲುತ್ತಾರೆ. ಸ್ವಲ್ಪ ಕಣ್ಣೆತ್ತಿದರೆ ಮೂರ್ತಿಗಳ ಮೇಲ್ಭಾಗದಲ್ಲಿ ಸಾಲುಸಾಲಾಗಿ ಪುಟ್ಟ ಶಿಖರಗಳು ಕಾಣುತ್ತವೆ. ಕೆಳಗೆ ಗೋಡೆಗಂಬ, ಮೇಲೆ ಅಂತಸ್ತು ಅಂತಸ್ತಾಗಿ ಏರುವ ಶಿಖರ, ತುದಿಯಲ್ಲಿ ಕಳಶ. ಗೋಡೆಯೊಳಗೆ ಒಂದು ಪೂರ್ಣ ಗುಡಿಯೇ ಪುಟ್ಟ ರೂಪದಲ್ಲಿದೆ. ಹೊಯ್ಸಳರ ಗುಡಿಗಳು ನಿಂತಿರುವುದೇ ಈ ತತ್ವದ ಮೇಲೆ: ಸಣ್ಣ ಗುಡಿಗಳು ಕೂಡಿ ದೊಡ್ಡ ಗುಡಿಯಾಗುತ್ತದೆ.

ಬೇಲೂರಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಕಾದಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಮುಖ್ಯ ಶಿಖರ ಇಂದು ಇಲ್ಲ. ಆದರೆ ಜಗತಿಗೆ ಹತ್ತುವ ಮೆಟ್ಟಿಲುಗಳ ಇಕ್ಕೆಲದಲ್ಲಿ ಪುಟ್ಟ ಗುಡಿಗಳು ತಮ್ಮ ಶಿಖರ ಸಮೇತ ನಿಂತಿವೆ. ದೊಡ್ಡ ಶಿಖರ ಹೇಗಿದ್ದಿರಬಹುದು ಎಂದು ಊಹಿಸಲು ಹೊರಟವರು ಮೊದಲು ನೋಡುವುದು ಈ ಸಣ್ಣವನ್ನೇ. ದೊಡ್ಡದು ಹೋದ ಮೇಲೂ ಸಣ್ಣದು ಸಾಕ್ಷಿ ಹೇಳುತ್ತಿದೆ. ಈಗ ಒಂದೊಂದಾಗಿ ಉರುಳುತ್ತಿರುವ ತೊಟ್ಟಿ ಮನೆಗಳ ಬಗ್ಗೆ ಯೋಚಿಸುವಾಗ ಬೇಲೂರಿನ ಈ ಮೆಟ್ಟಿಲು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಪಶ್ಚಿಮದಲ್ಲೂ ಗೊಂಬೆ ಮನೆ ಮೊದಲು ಮಕ್ಕಳ ಆಟಿಕೆಯಾಗಿರಲಿಲ್ಲ. 17ನೇ ಶತಮಾನದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆ ಮಾಡಿಸಿದ ಗೊಂಬೆ ಮನೆ ಅಲ್ಲಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಆ ಕಾಲದ ಡಚ್ ಸಿರಿವಂತರ ಅಡುಗೆಮನೆ ಹೇಗಿತ್ತೆಂದು ತಿಳಿಯಲು ಇಂದಿಗೂ ಜನ ಅದನ್ನು ನೋಡುತ್ತಾರೆ. ನವದೆಹಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಎಡ್ವಿನ್ ಲಟ್ಯನ್ಸ್ ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದು ಗೊಂಬೆ ಮನೆಯನ್ನೂ ರೂಪಿಸಿದರು. 1924ರಲ್ಲಿ ಮುಗಿದ ಆ ಮನೆಯ ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ. ಅದು ವಿಂಡ್ಸರ್ ಕೋಟೆಯಲ್ಲಿದೆ. ನಮ್ಮಲ್ಲಿ ಮೈಸೂರು ಅರಮನೆಯೊಳಗೆ ಗೊಂಬೆ ತೊಟ್ಟಿ ಎಂದೇ ಕರೆಯುವ ಜಾಗವಿದೆ. ದೊಡ್ಡವರು ಕೂಡಿ ಗೊಂಬೆ ಕೂರಿಸುವ ಹಳೇ ಮೈಸೂರಿನ ಪದ್ಧತಿ ಹಾಸನ ಸೀಮೆಗೂ ಸಹಜವಾಗಿಯೇ ಬಂದಿದೆ.

ಮೊದಲು ಟೇಪು, ಆಮೇಲೆ ಗರಗಸ

ಹೊಸಬರು ಮೊದಲು ಕೊಳ್ಳಬೇಕಾದದ್ದು ಅಳತೆ ಟೇಪು ಮತ್ತು ಚೌಕುಳಿ ಪುಸ್ತಕ. ನಿಮ್ಮ ಕುಟುಂಬದ ಅಥವಾ ನೆಂಟರ ಹಳೆಯ ಮನೆಯೊಂದಕ್ಕೆ ಹೋಗಿ. ಜಗಲಿಯಿಂದ ಆರಂಭಿಸಿ ನಡುಮನೆ, ತೊಟ್ಟಿ, ಪಡಸಾಲೆ, ದೇವರಮನೆ, ಅಡುಗೆಮನೆ, ಬಚ್ಚಲು, ಹಿತ್ತಿಲು, ಕೊಟ್ಟಿಗೆ ಎಂದು ಸಾಲಾಗಿ ಅಳೆಯಿರಿ. ಪ್ರತಿ ಕೋಣೆಯ ಉದ್ದ, ಅಗಲ, ಬಾಗಿಲ ಎತ್ತರ, ಹೊಸ್ತಿಲ ಎತ್ತರ, ಗೋಡೆಯ ದಪ್ಪ ಬರೆದುಕೊಳ್ಳಿ. ಹಳೆಯ ಬಾಗಿಲುಗಳು ಗಿಡ್ಡ. ತಲೆಬಾಗಿ ಒಳಗೆ ಹೋಗುವಷ್ಟು ಎತ್ತರ. ಆ ತಗ್ಗನ್ನು ಹಾಗೆಯೇ ಇಳಿಸಿಕೊಳ್ಳಿ, 'ಚೆಂದಕ್ಕೆ' ಎಂದು ಎತ್ತರಿಸಬೇಡಿ.

ಟೇಪಿಗೆ ಸಿಗದ ಸಂಗತಿಗಳನ್ನು ಮನೆಯ ಹಿರಿಯರನ್ನು ಕೇಳಿ. ಗೋಡೆಯ ಈ ಗೂಡಿನಲ್ಲಿ ಏನಿಡುತ್ತಿದ್ದಿರಿ ಅಜ್ಜಿ? ಬಾಣಂತಿಗೆ ಯಾವ ಕೋಣೆ? ಕಣಜ ಎಲ್ಲಿತ್ತು? ಹಗೇವು ತೆಗೆದದ್ದು ಅಂಗಳದಲ್ಲೋ ಬೀದಿಯಲ್ಲೋ? ನಾನು ಅಳತೆ ತೆಗೆದ ಹೊಳೆನರಸೀಪುರ ತಾಲ್ಲೂಕಿನ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಟೇಪಿನ ಇನ್ನೊಂದು ತುದಿ ಹಿಡಿದು ಮನೆಯೆಲ್ಲ ಸುತ್ತಿದರು. ಕಂಬದ ಬುಡ ತೋರಿಸಿ, 'ಇಲ್ಲಿ ಕಡೆಗೋಲಿನ ಹಗ್ಗ ಉಜ್ಜೀ ಉಜ್ಜೀ ಗೀರು ಬಿದ್ದಿದೆ ನೋಡಪ್ಪ, ಅದನ್ನೂ ಮಾಡು' ಎಂದರು. ಗೊಂಬೆ ಮನೆಗೆ ಜೀವ ಬರುವುದು ಇಂಥ ಗೀರಿನಿಂದ.

ಅಳತೆ ತೆಗೆಯಲು ಮನೆಯೇ ಇಲ್ಲದವರೂ ಈ ಜಿಲ್ಲೆಯಲ್ಲಿದ್ದಾರೆ. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಬೇಸಿಗೆಯಲ್ಲಿ ಎದ್ದು ಕಾಣುತ್ತವೆ. ಮಣ್ಣಿನ ಮನೆಗಳಿಗೆ ಆ ಭಾಗ್ಯವಿಲ್ಲ. ಅಂಥ ಕುಟುಂಬಗಳ ಹಿರಿಯರನ್ನು ಕೂರಿಸಿಕೊಂಡು, ಅವರು ಹೆಜ್ಜೆ ಲೆಕ್ಕದಲ್ಲಿ ಹೇಳಿದ ಮನೆಯನ್ನು ಕಾಗದಕ್ಕೆ ಇಳಿಸುವುದು ಪುಣ್ಯದ ಕೆಲಸ.

ಅಡಿಗೆ ಒಂದಿಂಚು

ಪ್ರಪಂಚದಾದ್ಯಂತ ಗೊಂಬೆ ಮನೆ ಕಟ್ಟುವವರು ಹೆಚ್ಚಾಗಿ ಬಳಸುವ ಪ್ರಮಾಣ 1:12, ಅಂದರೆ ಒಂದು ಅಡಿಗೆ ಒಂದು ಇಂಚು. ರಾಣಿ ಮೇರಿಯ ಮನೆಯೂ ಇದೇ ಲೆಕ್ಕದ್ದು. ನಮ್ಮ ಗಾರೆ ಕೆಲಸದವರೂ ಬಡಗಿಗಳೂ ಇಂದಿಗೂ ಅಡಿ-ಇಂಚಿನಲ್ಲೇ ಮಾತಾಡುವುದರಿಂದ ಈ ಲೆಕ್ಕ ನಮಗೆ ಸಲೀಸು. ಏಳಡಿ ಕಂಬ ಏಳಿಂಚಾಗುತ್ತದೆ. ಐದೂವರೆ ಅಡಿಯ ಬಾಗಿಲು ಐದೂವರೆ ಇಂಚು. ಆ ಮನೆಯ ಯಜಮಾನನ ಗೊಂಬೆಯೂ ಐದೂವರೆ ಇಂಚಿನ ಆಸುಪಾಸು.

ತೊಡಕು ಒಂದೇ, ಜಾಗ. ನಾನು ಅಳೆದ ಮನೆ ಹೊರಗೋಡೆಯಿಂದ ಹೊರಗೋಡೆಗೆ 42 ಅಡಿ. ಅಡಿಗೆ ಒಂದಿಂಚಿನಂತೆ ಕಟ್ಟಿದರೆ ಮೂರೂವರೆ ಅಡಿ ಚದರದ ಹಲಗೆ ಬೇಕು. ಮಂಚದ ಕೆಳಗೂ ತೂರುವುದಿಲ್ಲ. ಅಡಿಗೆ ಅರ್ಧ ಇಂಚು, ಅಂದರೆ 1:24 ಹಿಡಿದರೆ 21 ಇಂಚಿನಲ್ಲಿ ಇಡೀ ಮನೆ ಕೂರುತ್ತದೆ. ಹೊಸಬರಿಗೆ ನನ್ನ ಸಲಹೆ ಇದು: ಮೊದಲ ವರ್ಷ ತೊಟ್ಟಿ ಮತ್ತು ಅದರ ಸುತ್ತಲಿನ ಪಡಸಾಲೆಯನ್ನು ಮಾತ್ರ ಅಡಿಗೆ ಒಂದಿಂಚಿನಂತೆ ಕಟ್ಟಿ. ಕಣ್ಣಿಗೂ ಕೈಗೂ ದೊಡ್ಡದಾಗಿ ಸಿಗುತ್ತದೆ. ಇಡೀ ಮನೆ ಬೇಕೆಂದರೆ ಮುಂದಿನ ವರ್ಷ ಅರ್ಧ ಇಂಚಿನ ಲೆಕ್ಕಕ್ಕೆ ಇಳಿಯಿರಿ. ಒಂದೇ ಮನೆಯಲ್ಲಿ ಎರಡು ಪ್ರಮಾಣ ಬೆರೆಸಬಾರದು. ಒರಳುಕಲ್ಲು ಬಾಗಿಲಿಗಿಂತ ಅಗಲವಾದರೆ ನೋಡುವ ಮಗುವಿಗೂ ತಕ್ಷಣ ಗೊತ್ತಾಗುತ್ತದೆ.

ಗೋಡೆ, ಕಂಬ, ಬಾಗಿಲು

ವಿದೇಶದ ಗೊಂಬೆ ಮನೆಯ ಗೋಡೆ ತೆಳ್ಳಗಿನ ಒಂದು ಹಲಗೆ. ನಮ್ಮ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಅಡಿಗೆ ಒಂದಿಂಚಿನಂತೆ ಒಂದೂವರೆ ಇಂಚು. ಅಷ್ಟು ದಪ್ಪಕ್ಕೆ ಗಟ್ಟಿ ಮರ ಹಾಕಿದರೆ ಮನೆ ಎತ್ತಲಾಗದಷ್ಟು ಭಾರವಾಗುತ್ತದೆ. ಎರಡು ತೆಳು ಪ್ಲೈವುಡ್ ಹಾಳೆಗಳ ನಡುವೆ ಮರದ ಚೂರುಗಳನ್ನು ಕೊಟ್ಟು ಟೊಳ್ಳು ಗೋಡೆ ಮಾಡಿ. ಪ್ಲೈವುಡ್ ಕೊಯ್ಯಲು ಕಷ್ಟವೆನಿಸಿದರೆ ಶಾಲಾ ಪ್ರಾಜೆಕ್ಟಿಗೆ ಮಕ್ಕಳು ಬಳಸುವ ಸನ್‌ಬೋರ್ಡ್ ಆಗುತ್ತದೆ; ಕಟ್ಟರ್ ಮತ್ತು ಸ್ಟೀಲ್ ಸ್ಕೇಲ್ ಸಾಕು. ಟೊಳ್ಳಿರುವುದರಿಂದ ದೀಪದ ಗೂಡು, ಗೋಡೆ ಬೀರು ಎಲ್ಲವನ್ನೂ ದಪ್ಪದೊಳಗೇ ಕೊರೆಯಬಹುದು. ಮೂಲೆಗಳು ನೇರ ಇವೆಯೇ ಎಂದು ಮೂಲೆಮಟ್ಟ ಇಟ್ಟು ನೋಡದೆ ಅಂಟು ಹಾಕಬೇಡಿ. ಫೆವಿಕಾಲ್ ಹಚ್ಚಿದ ಮೇಲೆ ಒಂದು ಹಗಲು ಒಂದು ರಾತ್ರಿ ಅಲುಗಿಸದೆ ಬಿಡಬೇಕು.

ಗೋಡೆಯ ಮೇಲ್ಮೈಗೆ ಜರಡಿ ಹಿಡಿದ ನುಣ್ಣನೆಯ ಮಣ್ಣನ್ನು ಅಂಟಿನಲ್ಲಿ ಕಲಸಿ ಬೆರಳಿನಿಂದ ಬಳಿಯಿರಿ. ಒಣಗಿದ ಮೇಲೆ ಬಿಳಿ ಬಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಸುಣ್ಣ-ಕಾರಣೆ ಆಗದೆ ಯಾವ ಮನೆಯಲ್ಲೂ ಹಬ್ಬ ಆಗುತ್ತಿರಲಿಲ್ಲ. ಗೊಂಬೆ ಮನೆಗೂ ಅದೇ ನಿಯಮ.

ನಿಜ ಮನೆಯ ಕಂಬಗಳು ಹಲಸು, ಹೊನ್ನೆ, ತೇಗದವು. ಪುಟ್ಟ ಕಂಬಕ್ಕೆ ಬಡಗಿಯ ಅಂಗಡಿಯಲ್ಲಿ ಮಿಕ್ಕ ಪಟ್ಟಿ ಸಾಕು; ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಬುಡ ಚೌಕವಾಗಿರಲಿ, ನಡುಭಾಗದ ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಎಂಟು ಮೂಲೆಯಾಗಿಸಿ. ತಲೆಯ ಮೇಲೆ ಬೋದಿಗೆ ಮರೆಯಬೇಡಿ. ತೊಲೆಯ ಭಾರವನ್ನು ಕಂಬಕ್ಕೆ ಹರಡಿ ಕೊಡುವುದೇ ಬೋದಿಗೆಯ ಕೆಲಸ. ಅದಿಲ್ಲದ ಕಂಬ ಬರೀ ಕೋಲಾಗಿ ಕಾಣುತ್ತದೆ.

ಬಾಗಿಲಿಗೆ ಪುಟ್ಟ ಕೀಲು ಹುಡುಕಿ ಅಲೆಯುವ ಅಗತ್ಯವಿಲ್ಲ. ಹಳೆಯ ಕಾಲದ ಎಷ್ಟೋ ಬಾಗಿಲುಗಳಿಗೆ ಕಬ್ಬಿಣದ ಕೀಲೇ ಇರಲಿಲ್ಲ. ಬಾಗಿಲ ಹಲಗೆಯ ಮೇಲೂ ಕೆಳಗೂ ಒಂದೊಂದು ಗೂಟ ಬಿಟ್ಟು, ಅದು ಬಾಗಿಲುವಾಡದ ಕುಳಿಯಲ್ಲಿ ತಿರುಗುವಂತೆ ಮಾಡುತ್ತಿದ್ದರು. ಗುಂಡುಸೂಜಿಯ ಎರಡು ತುಂಡನ್ನು ಗೂಟವಾಗಿಸಿದರೆ ನಿಮ್ಮ ಪುಟ್ಟ ಬಾಗಿಲೂ ಅದೇ ವಿದ್ಯೆಯಲ್ಲಿ ತೆರೆದು ಮುಚ್ಚುತ್ತದೆ. ಕಿಟಕಿಯ ಸರಳಿಗೆ ಊದುಬತ್ತಿಯ ಕಡ್ಡಿ ಹೇಳಿ ಮಾಡಿಸಿದಂತಿದೆ.

ಹೆಂಚು ಹೊದಿಸುವ ಹೊತ್ತು

ಹೆಚ್ಚಿನವರು ಸೋಲುವುದು ಚಾವಣಿಯಲ್ಲಿ. ತೊಟ್ಟಿಯ ನಾಲ್ಕು ಮೂಲೆಗಳಲ್ಲಿ ಎರಡೆರಡು ಇಳಿಜಾರುಗಳು ಕೂಡುತ್ತವೆ. ಆ ಕೂಡುಗೆರೆ ಮೂಲೆಯಿಂದ ಮೂಲೆಗೆ ಓಡುವುದರಿಂದ ಅದರ ಉದ್ದ ಹೆಚ್ಚು, ಇಳಿಜಾರು ಕಡಿಮೆ. ಚಾವಣಿಯ ಇಳಿಜಾರು 30 ಡಿಗ್ರಿ ಇದ್ದರೆ ಈ ಗೆರೆಯದು ಸುಮಾರು 22 ಡಿಗ್ರಿ ಮಾತ್ರ. ನಿಜ ಮನೆಗಳಲ್ಲೂ ನೀರು ಸೋರುವುದು ಇಲ್ಲಿಂದಲೇ. ಅದಕ್ಕೇ ತಗಡಿನ ದೋಣಿ ಕೂರಿಸುತ್ತಿದ್ದರು. ಈ ಭಾಗವನ್ನು ಮೊದಲು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಕತ್ತರಿಸಿ, ಮಡಚಿ, ಕೂರಿಸಿ ನೋಡಿ. ಕಾಗದ ಸರಿಯಾಗಿ ಕೂತ ಮೇಲೆ ಪ್ಲೈವುಡ್ಡಿಗೆ ಕೈ ಹಾಕಿ.

ಹೆಂಚಿನಲ್ಲಿ ಎರಡು ಬಗೆ. ಕುಂಬಾರರು ಚಕ್ರದ ಮೇಲೆ ಕೊಳವೆಯಂತೆ ಎತ್ತಿ, ಹಸಿಯಿರುವಾಗಲೇ ಸೀಳಿ ಸುಡುತ್ತಿದ್ದ ನಾಡಹೆಂಚು ಹಳೆಯದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಚಪ್ಪಟೆಯ ಮಂಗಳೂರು ಹೆಂಚು ಘಟ್ಟ ಹತ್ತಿ ಬಂತು. ನಿಮ್ಮ ಮನೆಯಲ್ಲಿ ಯಾವುದಿತ್ತೋ ಅದನ್ನೇ ಮಾಡಿ. ನಾಡಹೆಂಚಿಗೆ ಪೆನ್ಸಿಲಿನ ಮೇಲೆ ತೆಳುವಾಗಿ ಜೇಡಿಮಣ್ಣು ಸುತ್ತಿ, ಸೀಳಿ, ನೆರಳಲ್ಲಿ ಒಣಗಿಸಿ. ಕುಂಬಾರರ ವಿಧಾನವೇ ಇದು. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. 42 ಅಡಿ ಚದರದ ಮನೆಗೆ ಇಳಿಜಾರೂ ಸೇರಿ ಎರಡೂವರೆ ಸಾವಿರ ದಾಟುತ್ತದೆ. ಅಷ್ಟನ್ನೂ ಬಿಡಿಬಿಡಿಯಾಗಿ ಮಾಡಹೊರಟರೆ ದಸರಾ ಕಳೆದು ಯುಗಾದಿ ಬರುತ್ತದೆ. ರಟ್ಟಿನ ಪೆಟ್ಟಿಗೆಯ ಮೇಲ್ಪದರ ಸುಲಿದಾಗ ಸಿಗುವ ಏರಿಳಿತದ ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಹೊದಿಸಿ, ಕಾವಿ ಬಣ್ಣ ಬಳಿಯಿರಿ. ಸೂರಿನ ಅಂಚಿನ ಒಂದು ಸಾಲು ಮಾತ್ರ ಬಿಡಿ ಹೆಂಚಿರಲಿ. ಕೆಳಗಿನ ರೀಪರಿಗೆ ತೆಂಗಿನ ಗರಿಯ ಕಡ್ಡಿ ಸೊಗಸಾಗಿ ಒಪ್ಪುತ್ತದೆ. ಚನ್ನರಾಯಪಟ್ಟಣದ ಕಡೆಯವರಿಗೆ ಅದನ್ನು ಹುಡುಕುವ ಶ್ರಮವೂ ಇಲ್ಲ.

ಚಾವಣಿಯನ್ನು ಗೋಡೆಗೆ ಅಂಟಿಸಬೇಡಿ. ನಾಲ್ಕು ಭಾಗವಾಗಿ ಎತ್ತಿಡುವಂತಿರಲಿ. ತೊಟ್ಟಿ ಮನೆಯ ಬದುಕೆಲ್ಲ ಒಳಮುಖ. ಅದನ್ನು ಮೇಲಿನಿಂದ ಬಾಗಿ ನೋಡಬೇಕು. ಹಾಗಾಗಿ ಗೊಂಬೆ ಮೆಟ್ಟಿಲ ಮೇಲಲ್ಲ, ನೆಲದ ಪಾರ್ಕಿನ ನಡುವೆ, ರಾಗಿ ಪೈರಿನ ಮಗ್ಗುಲಲ್ಲಿ ಅದಕ್ಕೆ ಜಾಗ ಕೊಡಿ.

ಊರಿಗೊಂದು ಗುರುತು

ಕಟ್ಟಡ ಮುಗಿದ ಮೇಲೆ ಸಂಸಾರ ತುಂಬಬೇಕು. ಒಳಕಲ್ಲು, ಬೀಸುವ ಕಲ್ಲು, ಒನಕೆ, ಮೊರ, ತೊಟ್ಟಿಲು, ಬಚ್ಚಲ ಹಂಡೆ, ಹಿತ್ತಲ ತುಳಸಿಕಟ್ಟೆ. ಇಲ್ಲಿ ಪ್ರತಿ ತಾಲ್ಲೂಕೂ ತನ್ನ ಗುರುತು ಹಾಕಬಹುದು. ಚನ್ನರಾಯಪಟ್ಟಣದ ಮನೆಯ ಅಟ್ಟದಲ್ಲಿ ಕೊಬ್ಬರಿಗಾಗಿ ಕೂಡಿಟ್ಟ ತೆಂಗಿನಕಾಯಿ ರಾಶಿ, ಹೊರಗೆ ಮಟ್ಟೆಯ ಗುಡ್ಡೆ. ಅರಕಲಗೂಡಿನ ಮನೆಯ ಪಕ್ಕದಲ್ಲಿ ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಸೊಪ್ಪಿನ ಬೇಲು. ಹೊಳೆನರಸೀಪುರದ್ದಾದರೆ ಹೇಮಾವತಿ ಬಯಲಿನ ಭತ್ತದ ಕಣಜ, ಹಾಸನದ್ದಾದರೆ ಪಡಸಾಲೆಯ ಮೂಲೆಯಲ್ಲಿ ಬಿತ್ತನೆ ಆಲೂಗೆಡ್ಡೆಯ ಚೀಲ. ಅಂಗಳದಲ್ಲಿ ರಾಗಿ ಹುಲ್ಲಿನ ಬಣವೆ ಎಲ್ಲರಿಗೂ ಸೇರಿದ್ದು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ತೊಟ್ಟಿ ಮನೆ ಹೊಲಗದ್ದೆ ಇದ್ದವರ ಮನೆ. ಅದರ ಹೊಲ ಉತ್ತವರು, ಗೋಡೆಗೆ ಮಣ್ಣು ತುಳಿದವರು, ಹೆಂಚು ಸುಟ್ಟವರು ಒಂದಂಕಣದ ಗುಡಿಸಲಲ್ಲಿದ್ದರು. ಅವರಲ್ಲಿ ಅನೇಕರಿಗೆ ಆ ಮನೆಯ ಜಗಲಿಯಿಂದಾಚೆಗೆ ಪ್ರವೇಶವೇ ಇರಲಿಲ್ಲ. ಊರನ್ನು ಪುಟ್ಟದಾಗಿ ಕಟ್ಟುವವರು ಊರನ್ನು ಪೂರ್ತಿ ಕಟ್ಟಬೇಕು. ತೊಟ್ಟಿ ಮನೆಯಷ್ಟೇ ಶ್ರದ್ಧೆಯಿಂದ ಆ ಗುಡಿಸಲನ್ನೂ, ಕುಂಬಾರರ ಆವಿಗೆಯನ್ನೂ ಕಟ್ಟಿ. ಹೊಸಬರ ಮೊದಲ ಅಭ್ಯಾಸಕ್ಕೆ ಒಂದಂಕಣದ ಗುಡಿಸಲಿಗಿಂತ ಒಳ್ಳೆಯದು ಇನ್ನಿಲ್ಲ.

ಮನೆ ಬೀಳುವ ಮುನ್ನ

ಈ ಮನೆಗಳು ಯಾಕೆ ಹೋಗುತ್ತಿವೆ ಎಂಬುದು ಎಲ್ಲರಿಗೂ ಗೊತ್ತು. ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಯ ನಡುವೆ ಗೋಡೆ ಏಳುತ್ತದೆ. ಮರ ಹುಳ ಹಿಡಿದರೆ ಅಂಥ ತೊಲೆ ಮತ್ತೆ ಸಿಗುವುದಿಲ್ಲ, ಸಿಕ್ಕರೂ ಕೈಗೆಟಕುವುದಿಲ್ಲ. ಹೆಂಚು ತಿರುವಿ ಹಾಕುವ ಆಳು ಇಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ತಾರಸಿ ಮನೆ ಬೇಕೆನ್ನುವವರನ್ನು ತಪ್ಪೆನ್ನಲಾಗದು. ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟು ರಾತ್ರಿ ಕಳೆದವರಿಗೇ ಅದರ ಕಷ್ಟ ಗೊತ್ತು. ಎಲ್ಲ ಮನೆಗಳನ್ನೂ ಉಳಿಸಲಾಗುವುದಿಲ್ಲ. ಅಳತೆಯನ್ನು ಮಾತ್ರ ಖಂಡಿತ ಉಳಿಸಬಹುದು.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ಈ ಸಲ ಊರಿಗೆ ಹೋದಾಗ ಟೇಪು ಒಯ್ಯಿರಿ. ಮಕ್ಕಳ ಕೈಗೆ ಪುಸ್ತಕ ಕೊಡಿ, ಅಜ್ಜಿಯನ್ನು ಜೊತೆಗೆ ಕರೆದುಕೊಳ್ಳಿ, ಅಂಕಣ ಅಂಕಣವಾಗಿ ಮನೆಯನ್ನು ಬರೆದುಕೊಳ್ಳಿ. ಶಾಲೆಯ ಮೇಷ್ಟ್ರುಗಳು ವರ್ಷಕ್ಕೊಂದು ತರಗತಿಯಿಂದ ಊರಿನ ಒಂದು ಮನೆಯನ್ನಾದರೂ ಹೀಗೆ ಕಟ್ಟಿಸಲಿ. ಗಣಿತದ ಅನುಪಾತವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಬ್ಬ ಮುಗಿದ ಮೇಲೆ ಗೊಂಬೆ ಮನೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದ ಒಣ ಜಾಗದಲ್ಲಿಡಿ. ಅದರ ತಳದಲ್ಲಿ ಊರ ಹೆಸರು, ಮನೆಯವರ ಹೆಸರು, ಅಳತೆ ತೆಗೆದ ದಿನಾಂಕ, ಹಿಡಿದ ಪ್ರಮಾಣ ಇಷ್ಟನ್ನೂ ಮಾಸದ ಶಾಯಿಯಲ್ಲಿ ಬರೆಯಿರಿ. ಮುಂದೆ ಯಾರಾದರೂ ಆ ಮನೆಯನ್ನು ಮತ್ತೆ ಕಟ್ಟಬೇಕೆಂದರೆ ಅವರಿಗೆ ಅಷ್ಟು ಸಾಕು.